ಮೇಷ್ಟ್ರು ಕುಲುಮೆಯಲ್ಲಿಟ್ಟ ತುಂಡು

೨೦೧೭ರ ನವೆಂಬರ್ ೧೪, ಮಂಗಳವಾರ, ಬೆಳಗ್ಗೆ ಹತ್ತೂ ಇಪ್ಪತ್ತು. ಮೇಷ್ಟ್ರ ಶವಪೆಟ್ಟಿಗೆ ಹೊರಗೆ ಹೋಗಲು ದಾರಿಯಾಗಲೆಂದು, ಅವರ ಕೈಕೆಳಗೆ ಲೋಹಗಳ ಸಂಶೋಧನೆ ಮಾಡುತ್ತಿದ್ದ ಶಿಷ್ಯೆ ಹಜಾರದ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು. ಶನಿವಾರ ಮಲಗಿದವರು ಭಾನುವಾರ ಏಳಲಿಲ್ಲ, ಹೃದಯ ಕೈಕೊಟ್ಟಿತ್ತು.

"ನನ್ನ ಮದುವೆಗೆ ಭಾವ ಬಂದಿದ್ದು ಊಟ ಮುಗಿದ ಮೇಲೆ. ಲ್ಯಾಬಿನ ಕುಲುಮೆ ಬಿಟ್ಟು ಬರಕ್ಕಾಗ್ಲಿಲ್ಲವಂತೆ," ಎಂದ ಅವರ ಭಾವಮೈದುನ. "ಇವತ್ತೊಂದು ದಿನ ಟೈಮಿಗೆ ಸರಿಯಾಗಿ ಹೊರಟಿದಾರೆ."

"ಸುಮ್ನಿರೋ," ಎಂದರು ಮೇಷ್ಟ್ರ ಹೆಂಡತಿ. ಆದರೂ ಅವರ ತುಟಿಯಂಚಿನಲ್ಲಿ ನಗು ಸುಳಿಯಿತು. ಆಮೇಲೆ ಶಿಷ್ಯೆಯ ಕಡೆ ತಿರುಗಿ, ಗುರುವಾರ ಇಬ್ಬರೂ ಏತಕ್ಕೆ ಜಗಳವಾಡಿದಿರಿ ಎಂದು ಕೇಳಿದರು. ಅಂದಿನಿಂದ ಮೇಷ್ಟ್ರು ಸರಿಯಾಗಿ ಊಟ ಮಾಡಿರಲಿಲ್ಲವಂತೆ.

*

ಕಬ್ಬಿಣ, ಅಲ್ಯೂಮಿನಿಯಂ ಬೆರೆಸಿದ ಲೋಹಕ್ಕೆ ಶಿಷ್ಯೆ ಚಿಟಿಕೆ ಬೋರಾನ್ ಸೇರಿಸಿ, ಕಾಯಿಸಿ, ನೀರಿಗೆ ಅದ್ದಿದ್ದಳು. ಗಡಸುತನ ನಾನೂರು ದಾಟಿತು. ಮೂರು ವರ್ಷದ ದುಡಿಮೆ ಫಲಿಸಿತೆಂದು ಪ್ರಬಂಧ ಬರೆದಳು. ಮೇಷ್ಟ್ರು ಅದಕ್ಕೆ ತಮ್ಮ ಹೆಸರು ಸೇರಿಸಲು ಒಪ್ಪಲಿಲ್ಲ.

ಕಾದ ಲೋಹದಲ್ಲಿ ಪರಮಾಣುಗಳ ಸಾಲಿನ ನಡುವೆ ಖಾಲಿ ಜಾಗಗಳು ಹುಟ್ಟುತ್ತವೆ. ನಿಧಾನವಾಗಿ ಆರಿದರೆ ಅವು ಮುಚ್ಚಿಕೊಳ್ಳುತ್ತವೆ. ತಟ್ಟನೆ ತಣಿಸಿದರೆ ಒಳಗೇ ಸಿಕ್ಕಿಬಿದ್ದು ಲೋಹವನ್ನು ಗಡಸಾಗಿಸುತ್ತವೆ. ಅವಳು ಹೋಲಿಸಿದ್ದು ಕುಲುಮೆಯಲ್ಲೇ ನಿಧಾನವಾಗಿ ಆರಿದ, ಬೋರಾನ್ ಇಲ್ಲದ ಹಳೆಯ ತುಂಡಿನ ಜೊತೆ.

"ಇದು ನಿನ್ನ ಬೋರಾನ್ ಅಲ್ಲ ಕಣಮ್ಮ, ನಿನ್ನ ಅವಸರ," ಎಂದಿದ್ದರು ಮೇಷ್ಟ್ರು ಗುರುವಾರ. "ಐದು ದಿನ ನಾನೂರು ಡಿಗ್ರಿಯ ಹದ ಶಾಖದಲ್ಲಿಡೋಣ, ಸಿಕ್ಕಿಬಿದ್ದ ಜಾಗಗಳು ಮುಚ್ಚಿಕೊಳ್ಳಲಿ. ಗಡಸುತನ ಮುನ್ನೂರರ ಕೆಳಗಿಳಿದರೆ ನನ್ನ ಮಾತು ಸರಿ. ನಾನೂರರ ಮೇಲೇ ನಿಂತರೆ ನಿನ್ನದು, ಸಹಿ ಹಾಕ್ತೀನಿ."

"ನಿಮಗೆ ವಯಸ್ಸಾಯ್ತು ಸಾರ್, ಎಲ್ಲದರಲ್ಲೂ ಅನುಮಾನ," ಎಂದು ಅವಳು ಎದ್ದು ಹೋಗಿದ್ದಳು. ತುಂಡನ್ನು ಕುಲುಮೆಗೆ ಇಟ್ಟವರು ಅವರೇ.

*

ಇದನ್ನೆಲ್ಲ ಅವಳು ಹೇಳಿದ್ದು ಮಣ್ಣು ಮಾಡಿ ಬರುವಾಗ, ಕಾರಿನಲ್ಲಿ. ಕೊನೆಯ ಮಾತನ್ನೂ ಬಿಡಲಿಲ್ಲ. ಮೇಷ್ಟ್ರ ಹೆಂಡತಿ ಬೆರಳು ಮಡಚಿ ದಿನ ಎಣಿಸಿದರು.

"ಐದು ದಿನ ಇವತ್ತಿಗೆ ಆಯ್ತಲ್ಲ. ಮನೆಗೆ ಬೇಡ, ಅಲ್ಲಿಗೇ ನಡಿ."

"ನಾಳೆ ನೋಡೋಣ ಅಮ್ಮ."

"ನಾಳೆ ನೀನು ಹೋಗಲ್ಲ. ನನಗೆ ಗೊತ್ತು."

ಪ್ರಯೋಗಾಲಯದಲ್ಲಿ ಅವರು ಮೇಷ್ಟ್ರ ಸ್ಟೂಲಿನ ಮೇಲೆ ಕುಳಿತರು. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಶಿಷ್ಯೆ ತುಂಡನ್ನು ತೆಗೆದು, ಆರಿಸಿ, ಹೊಳಪು ಕೊಟ್ಟು, ಗಡಸುತನ ಅಳೆಯುವ ಯಂತ್ರದಡಿ ಇಟ್ಟಳು. ವಜ್ರದ ಮೊನೆ ಇಳಿದು ಮೇಲೆದ್ದಿತು. ಲೋಹದಲ್ಲಿ ಮೂಡಿದ ಚೌಕ ಗುಳಿಯ ಕರ್ಣಗಳನ್ನು ಅಳೆದಳು. ಮತ್ತೆ ಅಳೆದಳು.

"ಜೋರಾಗಿ ಹೇಳು," ಎಂದರು ಮೇಷ್ಟ್ರ ಹೆಂಡತಿ.

"ಇನ್ನೂರ ಅರವತ್ತೆಂಟು."