ಮೂರು ಮೆಟ್ಟಿಲು, ಅರ್ಧ ಹೆಚ್ಚುಕಡಿಮೆ

ಪಕ್ಕದಲ್ಲಿ ‘ಹೆಚ್ಚುಕಡಿಮೆ ಇಷ್ಟು’ ಎಂದು ಬರೆಯದ ಅಂಕಿಯನ್ನು ನಮ್ಮ ಮೇಲ್ವಿಚಾರಕಿ ಮಿಸ್ ಪ್ರೊಸರ್ ಓದುತ್ತಲೇ ಇರಲಿಲ್ಲ. ಹಾಳೆಯನ್ನು ಹಾಗೇ ನನ್ನ ಮೇಜಿಗೆ ತಳ್ಳಿ, “ಎನಿಡ್, ನೀನೇನು ದೇವರಾ?” ಅನ್ನುತ್ತಿದ್ದರು. ಮನುಷ್ಯರ ಅಳತೆ ಅಂದಮೇಲೆ ತಪ್ಪು ಇದ್ದೇ ಇರುತ್ತದೆ, ಎಷ್ಟು ತಪ್ಪಿರಬಹುದು ಅನ್ನುವುದನ್ನೂ ಅಳೆದು ಹೇಳಬೇಕು, ಇಲ್ಲದಿದ್ದರೆ ಅದು ಅಳತೆಯಲ್ಲ, ಹರಟೆ. ಹನ್ನೆರಡು ವರ್ಷ ಇದನ್ನೇ ಕೇಳಿ ಕೇಳಿ ಈ ಚಟ ನನ್ನ ರಕ್ತಕ್ಕೇ ಇಳಿದಿತ್ತು. ಅಂಗಡಿಯಲ್ಲಿ ಟೈಮೆಷ್ಟು ಅಂತ ಯಾರಾದರೂ ಕೇಳಿದರೆ “ನಾಲ್ಕೂಕಾಲು, ಎರಡು ನಿಮಿಷ ಹೆಚ್ಚುಕಡಿಮೆ” ಅನ್ನುತ್ತಿದ್ದೆ. ಜನ ನಗುತ್ತಿದ್ದರು.

ನಮ್ಮ ವೀಕ್ಷಣಾಲಯ ಇದ್ದದ್ದು ಕೇಪ್ ಟೌನಿನ ಹೊರಗೆ, ದ್ರಾಕ್ಷಿ ತೋಟಗಳ ನಡುವಿನ ಒಂದು ದಿಬ್ಬದ ಮೇಲೆ. ರಾತ್ರಿ ಗಂಡಸರು ದೂರದರ್ಶಕಕ್ಕೆ ಗಾಜಿನ ಪ್ಲೇಟು ಹಾಕಿ ಆಕಾಶದ ಫೋಟೋ ತೆಗೆಯುವುದು, ಹಗಲು ನಾವು ಐದು ಜನ ಹೆಂಗಸರು ಅದನ್ನು ಭೂತಗನ್ನಡಿಯ ಕೆಳಗಿಟ್ಟು ಅಳೆಯುವುದು. ನಕ್ಷತ್ರದ ಕೆಲಸ ಅಂದರೆ ಜನ ‘ಅಯ್ಯೋ ಎಷ್ಟು ಚೆಂದ’ ಅನ್ನುತ್ತಾರೆ. ಚೆಂದವೂ ಇಲ್ಲ, ಮಣ್ಣೂ ಇಲ್ಲ. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ, ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿದರೂ ಕಪ್ಪು ಚುಕ್ಕೆಗಳೇ ಕಾಣುತ್ತವೆ. ಪ್ಲೇಟಿನ ಮೇಲೆ ಎಲ್ಲ ತಿರುವುಮುರುವು. ಆಕಾಶದಲ್ಲಿ ಎಷ್ಟು ಬೆಳಕೋ ಗಾಜಿನ ಮೇಲೆ ಅಷ್ಟು ಕಪ್ಪು.

ಹೊಳಪನ್ನು ಅಳೆಯಲು ನಮಗೊಂದು ಕ್ರಮವಿತ್ತು. ಪ್ಲೇಟು ಹಳೆಯದಿರಬಹುದು, ಮೋಡ ತೇಲಿರಬಹುದು, ಪ್ಲೇಟು ತೊಳೆಯುವ ಔಷಧಿ ನೀರು ಕೆಟ್ಟಿರಬಹುದು. ಅದಕ್ಕೇ ಒಂದು ಚುಕ್ಕೆಯನ್ನು ಒಂಟಿಯಾಗಿ ನೋಡುವ ಹಾಗೇ ಇಲ್ಲ. ಅದೇ ಪ್ಲೇಟಿನಲ್ಲಿ, ಅದರ ಮಗ್ಗುಲಲ್ಲೇ, ಗೊತ್ತಿರುವ ಇನ್ನೊಂದು ಚುಕ್ಕೆ ಹಿಡಿದು ಇದು ಅದಕ್ಕಿಂತ ಎಷ್ಟು ಮೆಟ್ಟಿಲು ಮೇಲೆ, ಎಷ್ಟು ಮೆಟ್ಟಿಲು ಕೆಳಗೆ ಎಂದು ಹೇಳಬೇಕು. ಪ್ಲೇಟಿನ ದೋಷ ಎರಡಕ್ಕೂ ಒಂದೇ ಆಗಿರುತ್ತದಲ್ಲ. ದಿನಕ್ಕೆ ಮುನ್ನೂರು ಚುಕ್ಕೆ. ಕಣ್ಣು ನೋಡುವುದೇ ತಡ, ಬಾಯಿ ಹೇಳಿಬಿಡುತ್ತಿತ್ತು, ಎದುರು ಕೂತವಳು ಬರೆದುಕೊಳ್ಳುತ್ತಿದ್ದಳು. ಯೋಚಿಸಿದರೆ ಅಳತೆ ಕೆಡುತ್ತದೆ ಎಂದು ಮಿಸ್ ಪ್ರೊಸರ್ ಯೋಚಿಸಲೂ ಬಿಡುತ್ತಿರಲಿಲ್ಲ.

ಐವತ್ತಾರನೇ ಇಸವಿಯಲ್ಲಿ ನನ್ನ ಮೇಜಿನ ಮೇಲಿದ್ದದ್ದು ಒಂದು ಬಡಪಾಯಿ ನಕ್ಷತ್ರ. ಅದಕ್ಕೆ ಹೆಸರಿಲ್ಲ, ನಂಬರು ಮಾತ್ರ. ಚಂದ್ರನಿಲ್ಲದ ಇರುಳಲ್ಲಿ, ಕಣ್ಣು ಚುರುಕಿದ್ದವರಿಗೆ, ಕಂಡೂ ಕಾಣದ ಹಾಗಿತ್ತು. ಬಣ್ಣ ಅಳೆದರೆ ಸೂರ್ಯನಂತೆ ಹಳದಿ. ಆದರೆ ಅದರ ಬೆಳಕನ್ನು ಪಟ್ಟಿಯಾಗಿ ಬಿಡಿಸಿ ತೆಗೆದ ಪ್ಲೇಟಿನಲ್ಲಿ ಗೆರೆಗಳು ಬೇರೆಯದನ್ನೇ ಹೇಳುತ್ತಿದ್ದವು. ಹನ್ನೆರಡು ಸಾವಿರ ಡಿಗ್ರಿ ಬಿಸಿ, ಅಂದರೆ ನೀಲಿ ಬೆರೆತ ಬಿಳುಪು. ಜಲಜನಕದ ಗೆರೆಗಳು ಕೂದಲಿನಷ್ಟು ಸಣ್ಣ, ಅಂದರೆ ಊದಿಕೊಂಡ ಮಹಾ ದೈತ್ಯ, ಮೂವತ್ತು ಸಾವಿರ ಸೂರ್ಯರನ್ನು ಒಟ್ಟಿಗೆ ಉರಿಸಿದಷ್ಟು ಬೆಳಕು. ಹಾಗಿದ್ದೂ ಮಂಕಾಗಿ, ಹಳದಿಯಾಗಿ ಕಾಣುತ್ತದೆ, ಯಾಕೆಂದರೆ ನಡುದಾರಿಯಲ್ಲಿ ಧೂಳಿದೆ. ಧೂಳು ನೀಲಿಯನ್ನು ತಡೆದು ಕೆಂಪನ್ನು ಬಿಡುತ್ತದೆ. ಎಷ್ಟು ಧೂಳು ಎಂದು ಲೆಕ್ಕ ಹಾಕಿ, ಅದನ್ನು ಕಳೆದು, ನಕ್ಷತ್ರದ ನಿಜವಾದ ಬಣ್ಣ ಬರೆಯುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಗಟ್ಟಿಗಿತ್ತಿ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅದೇ ವರ್ಷ ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ನನ್ನ ತಮ್ಮ ನೆವಿಲ್ ನನ್ನ ಕೋಣೆಗೆ ಬಂದ. ಹಡಗುಕಟ್ಟೆಯಲ್ಲಿ ಹಡಗುಗಳಿಗೆ ಬಣ್ಣ ಬಳಿಯುವವನು, ಬಾಗಿಲಲ್ಲೇ ಜೋರಾಗಿ ಹಾಡುತ್ತ ಬರುವವನು. ಅವತ್ತು ಹಾಡಿಲ್ಲ. ಟೋಪಿಯನ್ನೂ ತೆಗೆಯದೆ ಒಂದು ಕಾಗದ ಚಾಚಿದ.

“ಸಿಸ್ಸಿ,” ಅಂದ, ಅವನು ಅಕ್ಕಾ ಅನ್ನುವುದೇ ಹಾಗೆ, “ಕರೆದಿದ್ದಾರೆ.”

ಓದಿದೆ. ಯಾರೋ ದೂರು ಕೊಟ್ಟಿದ್ದಾರೆ. ನೆವಿಲ್ ಫಾರ್ಚೂನ್ ಬಿಳಿಯನೇ ಅಥವಾ ಮಿಶ್ರ ಜನಾಂಗದವನೇ ಎಂದು ಸರಕಾರದ ಮಂಡಳಿ ವಿಚಾರಣೆ ಮಾಡುತ್ತದೆ, ಸಾಕ್ಷಿಗಳನ್ನು ಕರೆತರತಕ್ಕದ್ದು.

“ಯಾರು ಮಾಡಿದ್ದು ಇದು?”

“ಯಾರಾದ್ರೇನು? ನಮ್ಮ ಮಗು ಮೆರಿಲ್ ಓದೋ ಶಾಲೇಲಿ ಯಾವಳೋ ತಾಯಿ ಇರ್ಬೇಕು. ನಿಮ್ಮಪ್ಪ ಯಾಕೆ ಚಳಿಗಾಲದಲ್ಲೂ ಬಿಸಿಲಿಗೆ ಸುಟ್ಟಿರ್ತಾನೆ ಅಂತ ಮಗೂನ ಕೇಳಿದ್ಲಂತೆ.” ನಗಲು ನೋಡಿದ, ಆಗಲಿಲ್ಲ. “ನಾನು ಬಿಳಿಯ ಅಲ್ಲ ಅಂತಾದ್ರೆ, ಡಾಫ್ನಿ ಬಿಳಿಯವಳು, ಕಾನೂನಿನ ಪ್ರಕಾರ ನನ್ನ ಹೆಂಡತಿನೇ ಅಲ್ಲ. ಒಂದೇ ಸೂರಿನಡಿ ಮಲಗಿದ್ರೆ ಪೋಲೀಸ್ನೋರು ಬಂದು ಹಾಸಿಗೆ ಮುಟ್ಟಿ ನೋಡ್ತಾರೆ. ಮೆರಿಲ್ಗೆ ಆರು ವರ್ಷ, ಸಿಸ್ಸಿ. ಅವಳಿಗೆ ನಾನು ಏನಂತ ಹೇಳ್ಲಿ?”

ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ನನಗೆ ಮೊದಲು ನೆನಪಾದದ್ದು ಮಗುವಲ್ಲ, ಬಿಳಿಯರಿಗೆ ಮಾತ್ರ ಸಿಗುವ ನನ್ನ ಕೆಲಸ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವನು ಬಿದ್ದರೆ ನಾನೂ ಬಿದ್ದ ಹಾಗೆಯೇ. ಆ ಯೋಚನೆಗೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯುವಂತಾಗುತ್ತದೆ.

ಬಿಳಿಯರೆಂದು ಹೇಳಿಕೊಂಡು ಬದುಕುವ ಇದೆಲ್ಲ ಅಪ್ಪನ ಕಾಲದಲ್ಲೇ ಶುರುವಾದದ್ದು. ಫೋರ್ಟೈನ್ ಅಂತಿದ್ದ ಹೆಸರನ್ನು ಅವನು ಫಾರ್ಚೂನ್ ಅಂತ ಮಾಡಿಕೊಂಡ, ಬೀದಿ ಬದಲಾಯಿಸಿದ, ಚರ್ಚು ಬದಲಾಯಿಸಿದ, ಅಣ್ಣತಮ್ಮಂದಿರು ಎದುರು ಸಿಕ್ಕರೆ ರಸ್ತೆ ದಾಟಿ ನಡೆದ. ಅವನ ತಾಯಿಯ, ನಮ್ಮ ಓಮಾಳ, ಫೋಟೋ ನನ್ನ ಬೀರುವಿನ ತಳದಲ್ಲಿ ಮುಖ ಕೆಳಗಾಗಿ ಮಲಗಿತ್ತು. ಯಾರಾದರೂ ಕೇಳಿದರೆ ಓಮಾ ಸೇಂಟ್ ಹೆಲೆನಾ ದ್ವೀಪದಿಂದ ಬಂದ ಇಂಗ್ಲಿಷ್ ನಾವಿಕನ ಮಗಳು. ಇದನ್ನು ನಾವಿಬ್ಬರೂ ಎಷ್ಟು ಸಲ ಹೇಳಿದ್ದೆವೆಂದರೆ ನೆವಿಲ್ ಅರ್ಧ ನಂಬಿಯೇ ಬಿಟ್ಟಿದ್ದ.

ಇದ್ದಬದ್ದ ದುಡ್ಡು ಸುರಿದು ವಕೀಲನನ್ನು ಹಿಡಿದೆವು. ಅವನು ನನ್ನನ್ನು ಕೂರಿಸಿಕೊಂಡು ಮೂರು ಸಂಜೆ ಪಾಠ ಮಾಡಿದ.

“ನಿಮ್ಮ ಅಜ್ಜಿ ಬಿಳಿಯರೇ?”

“ನನಗೆ ತಿಳಿದ ಮಟ್ಟಿಗೆ...”

“ಮಟ್ಟಿಗೆ ಗಿಟ್ಟಿಗೆ ಬೇಡಮ್ಮ! ಹೌದು ಅನ್ನಿ. ಅಷ್ಟೆ. ಒಂದು ಮಾತು ಜಾಸ್ತಿ ಬೇಡ.”

“ಹೌದು.”

“ಆಹಾ, ನೋಡಿ, ನಾಲಿಗೆ ಸವೆದು ಹೋಯ್ತಾ?”

ಗೋಡೆಯ ಪಕ್ಕ ಕೂತಿದ್ದ ಡಾಫ್ನಿ ನನ್ನ ಕೈ ಹಿಡಿದುಕೊಂಡು, “ಎನಿಡ್, ದಮ್ಮಯ್ಯ ಅಂತೀನಿ, ಒಂದೇ ಒಂದು ಸಲ ಹೆಚ್ಚುಕಡಿಮೆ ಅನ್ಬೇಡ,” ಅಂದಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ‘ಹೌದು, ಹೌದು, ಹೌದು’ ಅಂತ ಗಿಳಿಯ ಹಾಗೆ ಉರು ಹೊಡೆದೆ.

ವಿಚಾರಣೆಯ ದಿನ ಆಗ್ನೇಯದ ಗಾಳಿ ಹುಚ್ಚೆದ್ದು ಬೀಸುತ್ತಿತ್ತು, ಕಿಟಕಿಗಳೆಲ್ಲ ಗಡಗಡ ಅನ್ನುತ್ತಿದ್ದವು. ಮೂರು ಜನ ಕೂತಿದ್ದರು. ನಡುವಿನವರು ವಯಸ್ಸಾದ ಮನುಷ್ಯ, ಪೆಪ್ಪರ್‌ಮಿಂಟ್ ಚೀಪುತ್ತ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ನೆವಿಲ್‌ನ ಕೂದಲು ನೋಡಿದರು, ಉಗುರು ನೋಡಿದರು, ಕಿವಿಯ ಹಿಂದೆ ನೋಡಿದರು. ಅವನು ಹಲ್ಲು ಕಚ್ಚಿಕೊಂಡು ನಿಂತಿದ್ದ. ಅವನು ತಂದಿದ್ದ ಫೋಟೋವನ್ನೂ ನೋಡಿದರು. ಬಿಳಿಯರಿಗೇ ಮೀಸಲಾದ ಸಮುದ್ರತೀರದಲ್ಲಿ ಅವನು ಮೆರಿಲ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತದ್ದು, ಇಬ್ಬರೂ ಬಾಯಿ ತುಂಬ ನಗುತ್ತಿದ್ದದ್ದು. ಆಮೇಲೆ ನನ್ನನ್ನು ಕರೆದರು.

“ಅಜ್ಜಿ ಬಿಳಿಯರೇ, ಮಿಸ್ ಫಾರ್ಚೂನ್?”

“ಹೌದು, ಸರ್.”

ಹೇಳಿಬಿಟ್ಟೆ! ಡಾಫ್ನಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಗ ಆ ಮನುಷ್ಯ ಕಡತದಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟರು. ನನ್ನ ಬೀರುವಿನ ತಳದಲ್ಲಿದ್ದ ಅದೇ ಫೋಟೋ, ಬೇರೆ ಪ್ರತಿ. ನಾವು ರಸ್ತೆ ದಾಟಿ ನಡೆದ ಆ ಬಂಧುಗಳ ಮನೆಯಿಂದಲೇ ಬಂದಿರಬೇಕು. ಓಮಾ ಚರ್ಚಿನ ಅಂಗಳದಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಜರ್ಮನಿಯ ಪಾದ್ರಿ.

“ಈ ಹೆಂಗಸು ನಿಮ್ಮ ಅಜ್ಜಿ ತಾನೇ? ಬಿಳಿಯರ ಹಾಗೆ ಕಾಣಲ್ಲವಲ್ಲ.”

ತಲೆ ಓಡಿತು. ಪ್ಲೇಟು! ಪ್ಲೇಟಿನ ವಿಷಯ ನನಗಿಂತ ಚೆನ್ನಾಗಿ ಈ ಕೋಣೆಯಲ್ಲಿ ಯಾರಿಗೆ ಗೊತ್ತು?

“ಸರ್, ಇದು ಐವತ್ತು ವರ್ಷದ ಹಳೇ ಪ್ಲೇಟಿಂದು. ಆ ಕಾಲದ ಪ್ಲೇಟಿಗೆ ನೀಲಿ ಮಾತ್ರ ಕಾಣೋದು, ಕೆಂಪು ಕಾಣೋದೇ ಇಲ್ಲ. ಕೆಂಪಗಿರೋ ಮುಖ, ಬಿಸಿಲಿಗೆ ಬಾಡಿದ ಮುಖ, ಎಲ್ಲ ಕಪ್ಪಾಗೇ ಬರುತ್ತೆ. ನಾನು ದಿನಾ ನೋಡ್ತೀನಿ, ಸರ್. ನನ್ನ ಮೇಜಿನ ಮೇಲೆ ಈಗಲೇ ಒಂದು ನಕ್ಷತ್ರ ಇದೆ, ಹಳದಿ ಕಾಣುತ್ತೆ, ಒಳಗೆ ಅಪ್ಪಟ ಬಿಳಿ. ನಡುವೆ ಇರೋದನ್ನ ಕಳೆದ್ರೆ ತಾನೇ ನಿಜ ಗೊತ್ತಾಗೋದು!”

ಮೂವರೂ ಮುಂದಕ್ಕೆ ಬಾಗಿದರು. ಎಡಗಡೆಯವನು ಏನೋ ಬರೆದುಕೊಂಡ. ವಕೀಲನ ಮುಖ ಅರಳಿತು. ನೆವಿಲ್ ನನ್ನನ್ನೇ ನೋಡುತ್ತಿದ್ದ, ಚಿಕ್ಕಂದಿನಲ್ಲಿ ಬೀದಿ ಹುಡುಗರ ಕೈಯಿಂದ ನಾನು ಅವನನ್ನು ಬಿಡಿಸಿಕೊಂಡು ಬಂದಾಗ ನೋಡುತ್ತಿದ್ದನಲ್ಲ, ಹಾಗೆಯೇ. ಅಯ್ಯೋ, ಗೆದ್ದೆವು ಅಂದುಕೊಂಡೆ.

ನಡುವಿನವರು ಪೆಪ್ಪರ್‌ಮಿಂಟನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದೂಡಿ, ಫೋಟೋವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು.

“ತುಂಬಾ ಚೆನ್ನಾಗಿ ಹೇಳಿದ್ರಿ. ಪಕ್ಕದಲ್ಲಿ ಪಾದ್ರಿಗಳು ನಿಂತಿದ್ದಾರಲ್ಲ, ಅದೇ ಬಿಸಿಲು, ಅದೇ ಪ್ಲೇಟು. ಅವರಿಗೂ ಇವರಿಗೂ ಎಷ್ಟು ವ್ಯತ್ಯಾಸ?”

“ಮೂರು ಮೆಟ್ಟಿಲು, ಅರ್ಧ ಹೆಚ್ಚುಕಡಿಮೆ.”

ನಾನು ಹೇಳಲಿಲ್ಲ. ನನ್ನ ಹಾಳು ಬಾಯಿ ಹೇಳಿತು. ಕಣ್ಣು ನೋಡಿತು, ಬಾಯಿ ಹೇಳಿತು, ನಡುವೆ ನಾನಿರಲಿಲ್ಲ. ಹನ್ನೆರಡು ವರ್ಷ, ದಿನಕ್ಕೆ ಮುನ್ನೂರು ಸಲ, ಪಕ್ಕದ ಚುಕ್ಕೆಯ ಜೊತೆ ಹೋಲಿಸಿ ಹೇಳು ಅಂದಾಗೆಲ್ಲ ಹೇಳಿದ ಹಾಗೆ.

“ಅರ್ಧ ಕಳೆದರೂ ಎರಡೂವರೆ,” ಅಂದರು ಆ ಮನುಷ್ಯ, ಮೃದುವಾಗಿಯೇ. “ಥ್ಯಾಂಕ್ಸ್, ಮಿಸ್ ಫಾರ್ಚೂನ್. ಇಷ್ಟು ಪ್ರಾಮಾಣಿಕ ಸಾಕ್ಷಿ ಇಲ್ಲಿಗೆ ಬರೋದು ಅಪರೂಪ.”

“ಇಲ್ಲ ಸರ್, ತಪ್ಪಾಯ್ತು, ನಾನು ಸರಿಯಾಗಿ ನೋಡ್ಲಿಲ್ಲ, ಇನ್ನೊಂದ್ಸಲ ಕೊಡಿ, ನೋಡ್ತೀನಿ!” ಅಂತ ಮೇಜು ಹಿಡಿದುಕೊಂಡೆ. ಅಳುತ್ತಿದ್ದೆ. ಫೋಟೋ ಆಗಲೇ ಕಡತದೊಳಗೆ ಹೋಗಿತ್ತು. ಜವಾನ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದ.

ಹೊರಗೆ ಬಿಳಿಯರಿಗೆ ಮಾತ್ರ ಎಂದು ಬರೆದ ಒಂದು ಬೆಂಚು. ನೆವಿಲ್ ಅದರ ಮೇಲೆ ಕೂರಲು ಹೋದವನು, ಕೂರದೆ ಹಾಗೇ ನಿಂತ. ಡಾಫ್ನಿ ನನ್ನ ಮುಖ ನೋಡದೆ ಬೀದಿಯ ಆ ತುದಿಗೆ ನಡೆದುಬಿಟ್ಟಳು.

“ವ್ಯತ್ಯಾಸ ಏನೂ ಇಲ್ಲ ಅನ್ಬೋದಾಗಿತ್ತಲ್ಲ, ಸಿಸ್ಸಿ,” ಅಂದ ನೆವಿಲ್. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ಹೋಗ್ಲಿ, ಒಂದು ಅಂದಿದ್ರೂ ನಡೀತಿತ್ತು.”

ಐದು ವಾರಕ್ಕೆ ತೀರ್ಪಿನ ಕಾಗದ ಬಂತು, ನೆವಿಲ್ ಬಿಳಿಯನಲ್ಲ. ಡಾಫ್ನಿಯ ಅಪ್ಪ ಡರ್ಬನ್‌ನಿಂದ ಕಾರು ತಂದು ತಾಯಿ ಮಗಳನ್ನು ಕರೆದುಕೊಂಡು ಹೋದ. ಅಪ್ಪ ಎಲ್ಲಿ ಎಂದು ಕೇಳಿದ ಮೆರಿಲ್‌ಗೆ, ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿದರಂತೆ. ಆಮೇಲೆ ನಾನೂ ಬಿಳಿಯಳಲ್ಲ ಎಂಬ ಕಾಗದವೂ ಬಂತು. ಮಿಸ್ ಪ್ರೊಸರ್ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಮೇಜಿನ ಬೀಗದ ಕೈ ಇಸಿದುಕೊಂಡರು. ಆ ನಕ್ಷತ್ರದ ಹಾಳೆಯನ್ನು ಓದಿ, “ಧೂಳು ಕಳೆದದ್ದು ಎಷ್ಟು ಅಚ್ಚುಕಟ್ಟು, ಎನಿಡ್,” ಅಂದರು. ಆ ಹೆಂಗಸಿಗೆ ಅದಕ್ಕಿಂತ ದೊಡ್ಡ ಮಾತು ಗೊತ್ತಿರಲಿಲ್ಲ.

ನೆವಿಲ್ ಊರಾಚೆಯ ಮರಳು ಬಯಲಿನಲ್ಲಿ ತಗಡಿನ ಸೂರಿನ ಒಂದು ಕೋಣೆ ಹಿಡಿದಿದ್ದ. ಒಂದು ಭಾನುವಾರ ಹುರಿದ ಸ್ನೂಕ್ ಮೀನು ಕಟ್ಟಿಕೊಂಡು ಹೋದೆ. ಅವನು ಗಡ್ಡ ಬಿಟ್ಟಿದ್ದ. ಮೀನಿನ ಪೊಟ್ಟಣ ಬಿಚ್ಚಲೇ ಇಲ್ಲ. ಜೇಬಿನಿಂದ ಸಮುದ್ರತೀರದ ಫೋಟೋ ತೆಗೆದು ನನ್ನ ಮಡಿಲಲ್ಲಿಟ್ಟ. ಹಿಡಿದು ಹಿಡಿದು ಅದರ ಅಂಚು ಸವೆದಿತ್ತು.

“ಅಳೆ.”

“ನೆವಿಲ್, ಬೇಡ ಕಣೋ.”

“ಅಳೆ ಸಿಸ್ಸಿ. ಒಂದೇ ಪ್ಲೇಟು, ಒಂದೇ ಬಿಸಿಲು. ನನಗೂ ನನ್ನ ಮಗಳಿಗೂ ಎಷ್ಟು?”

ನೋಡಿದೆ. ಕಣ್ಣು ತನ್ನ ಪಾಡಿಗೆ ತಾನು ಅಳೆದುಬಿಟ್ಟಿತು, ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ಅದನ್ನು ನುಂಗಿದೆ.

“ಸೊನ್ನೆ,” ಅಂದೆ.

ಅವನು ತಲೆಯೆತ್ತಿದ. “ಹೆಚ್ಚುಕಡಿಮೆ?”

“ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ. ಸೊನ್ನೆ.”

ನನ್ನ ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, “ಅವತ್ತು ಎಲ್ಲಿತ್ತು ಸಿಸ್ಸಿ ಈ ಬಾಯಿ?” ಅಂದ.