ಬೆಂಕಿ ಹೊತ್ತವಳ ಕಥೆಗೊಂದು ಹೂಂ

ಕಮಲಾಪುರದ ಮಠದಲ್ಲಿ ಶ್ರಾವಣದ ಪುರಾಣ ಶುರುವಾದರೆ, ಹೇಳುವವರ ಎದುರಿಗೇ ಒಂದು ಜಾಗ ಖಾಲಿ ಬಿಟ್ಟಿರುತ್ತಾರೆ. ಅದು ನಾಗಣ್ಣನ ಜಾಗ. ಅಲ್ಲಿ ಕೂತವನ ಕೆಲಸ ಒಂದೇ. ಶಾಸ್ತ್ರಿಗಳು ಪದ್ಯ ಹಾಡಿ, ಅರ್ಥ ಬಿಡಿಸಿ, ಉಸಿರು ತೆಗೆದುಕೊಳ್ಳುವಾಗ 'ಹೂಂ' ಅನ್ನಬೇಕು. ಆ ಹೂಂ ಬೀಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಮೊದಲು ಅಲ್ಲಿ ನಾಗಣ್ಣನ ಅಪ್ಪ ಕೂಡುತ್ತಿದ್ದ. ಅಪ್ಪ ಕಲಿಸಿದ್ದು ಎರಡೇ ಮಾತು: ಕಥೆ ಕೇಳುವ ಜಾಗಕ್ಕೆ ಚಪ್ಪಲಿ ಬಿಟ್ಟು ಹೋಗಬೇಕು, ಕೂತಮೇಲೆ ಮಂಗಳ ಹಾಡುವವರೆಗೆ ಏಳಬಾರದು. ಮಾತು ಕಡಿಮೆಯ ಮನುಷ್ಯ ನಾಗಣ್ಣ. ಊರಲ್ಲಿ ಎಷ್ಟೋ ಜನ ಅವನ ದನಿ ಅಂತ ಕೇಳಿದ್ದರೆ ಆ ಹೂಂ ಮಾತ್ರ.

ಅಂಥ ನಾಗಣ್ಣ ಒಂದು ಭಾನುವಾರ ಒದ್ದೆ ಗೋಣಿಚೀಲ ಹೆಗಲಿಗೇರಿಸಿಕೊಂಡು ಕಲಬುರಗಿಯ ದೊಡ್ಡ ಸಭಾಂಗಣವೊಂದರ ಬಾಗಿಲಲ್ಲಿ ನಿಂತಿದ್ದ. ಚೀಲದಲ್ಲಿ ಅವನ ತೋಟದ ಕೆಂಬಾಳೆಯ ದಿಂಡಿನಿಂದ ಸುಲಿದ ಪಟ್ಟಿಗಳಿದ್ದವು. ಒಳಗೆ ಚಿತ್ರಕಥೆ, ಕಾರ್ಟೂನು, ಗೇಮುಗಳ ಅಭಿಮಾನಿಗಳ ಮೇಳ. ಮಗಳ ಮಗಳು ಅಂಜನಾ ಅಲ್ಲಿನ ಸ್ಪರ್ಧೆಯಲ್ಲಿ ವೇಷ ಹಾಕಿಕೊಂಡು ವೇದಿಕೆ ಹತ್ತಿ, ಆ ಪಾತ್ರದ ಕಥೆ ಹೇಳುವವಳಿದ್ದಳು. ಅವಳು ಮೊಬೈಲಿನಲ್ಲಿ ಓದಿಕೊಂಡು ಬಂದ ಯಾವುದೋ ದೂರದೇಶದ ಚಿತ್ರಕಥೆಯಲ್ಲಿ ಒಬ್ಬ ಹುಡುಗಿ, ಒಲೆಗಳೆಲ್ಲ ಆರಿಹೋದ ಊರಿಗೆ ಮಣ್ಣಿನ ಗಡಿಗೆಯಲ್ಲಿ ಬೆಂಕಿ ಹೊತ್ತು ಹಿಮದ ಬೆಟ್ಟ ದಾಟುತ್ತಾಳಂತೆ. ಆ ಹುಡುಗಿಯ ಕವಚಕ್ಕೆ ಕೆಂಬಾಳೆಯ ಪಟ್ಟಿಯ ಬಣ್ಣವೇ ಸರಿ ಎಂದು ಅಂಜನಾ ಹಟ ಹಿಡಿದಿದ್ದಳು. ಪಟ್ಟಿ ಒಣಗಿದರೆ ಸೀಳುತ್ತದೆ. ನೀರು ಚಿಮುಕಿಸುತ್ತ ಇರಲು ಒಬ್ಬರು ಬೇಕಿತ್ತು.

ಆದರೆ ನಾಗಣ್ಣನಿಗೆ ಚಿಂತೆಯಿದ್ದದ್ದು ಪಟ್ಟಿಯದಲ್ಲ. ನಾಲ್ಕು ಜನರ ಮುಂದೆ ನಿಂತರೆ ಅಂಜನಾಳ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು. ಟೀಚರ್ ಆಗಬೇಕೆಂಬುದು ಅವಳ ಆಸೆ, ಬಿ.ಎಡ್. ಸೀಟೂ ಸಿಕ್ಕಿತ್ತು. ಹಿಂದಿನ ದಿನ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಗಳ ಮನೆಯ ಜಗಲಿಯ ಮೇಲೆ ಕೂತು ಅವಳು ಅಜ್ಜನಿಗಷ್ಟೇ ಕೇಳುವಂತೆ ಹೇಳಿದ್ದಳು: "ಮುತ್ಯಾ, ನಾಳಿಗಿ ಬಾಯಿ ಬರಲಿಲ್ಲಂದ್ರ ಆ ಸೀಟು ಬಿಟ್ಟ ಬಿಡ್ತೀನಿ. ಹುಡುಗರ ಮುಂದ ದಿನಾ ಮೂಕಿ ಹಂಗ ನಿಂದ್ರೂದು ನನಗಾಗಂಗಿಲ್ಲ."

ನಾಗಣ್ಣ ಅವಳ ತಲೆಯ ಮೇಲೆ ಕೈಯಿಟ್ಟಿದ್ದ.

ಈಗ ಬಾಗಿಲಲ್ಲಿ ಅವನು ಚಪ್ಪಲಿ ಕಳಚಿ ಗೋಡೆಗೆ ಸೇರಿಸಿ ಇಟ್ಟ. ಅಂಜನಾಳ ಗೆಳತಿ ಶೇವಂತಾ, ತಲೆಗೆ ನೀಲಿ ಕೂದಲು ಸಿಕ್ಕಿಸಿಕೊಂಡವಳು, ಅದನ್ನು ನೋಡಿ ನಕ್ಕಳು.

"ಮುತ್ಯಾ, ಇಲ್ಲಿ ಯಾರೂ ಚಪ್ಪಲಿ ಬಿಡಂಗಿಲ್ಲ."

"ಒಳಗ ಕಥಿ ಹೇಳ್ತಾರಿಲ್ಲೇನವಾ?"

"ಹೇಳ್ತಾರ."

"ಮತ್ತ?" ಎಂದು ನಾಗಣ್ಣ ಬರಿಗಾಲಲ್ಲಿ ಒಳಗೆ ಹೋದ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಸಿರು ಮುಖದವರು, ರಟ್ಟಿನ ಕತ್ತಿ ಹಿಡಿದವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಅಡ್ಡಡ್ಡ ನಡೆಯುವವರು. ರುಮಾಲು, ವಿಭೂತಿ, ಧೋತರದ ನಾಗಣ್ಣನನ್ನು ಕಂಡು ಒಂದಿಷ್ಟು ಹುಡುಗರು ಓಡಿಬಂದು ಇದು ಯಾವ ಕ್ಯಾರೆಕ್ಟರು ಎಂದು ಕೇಳಿದರು. "ಇವರು ಒರಿಜಿನಲ್ ಇದ್ದಾರ, ಹುಷಾರಿಲೆ ಮುಟ್ಟರಿ" ಎಂದಳು ಶೇವಂತಾ. ಅವರು ಸಾಲು ಹಚ್ಚಿ ಅವನೊಂದಿಗೆ ಫೋಟೋ ತೆಗೆಸಿಕೊಂಡರು. ಯಾರು ಬಂದರೂ ನಾಗಣ್ಣ ಮೊದಲು ಕೈ ಮುಗಿದ. ವೇಷ ಹಾಕಿದವರಿಗೆ ಕೈ ಮುಗಿಯಬೇಕೆಂಬುದು ಅವನಿಗೆ ಗೊತ್ತಿತ್ತು; ವೇಷ ಯಾರದೆಂಬುದು ಮಾತ್ರ ಗೊತ್ತಿರಲಿಲ್ಲ.

ಪರದೆಯ ಹಿಂದೆ ಅಂಜನಾಳ ಕವಚ ಸರಿಪಡಿಸುತ್ತ ಲಾಲ್ ಅಹ್ಮದ್ ಕೂತಿದ್ದ. ಸ್ಟೇಶನ್ ಬಜಾರದಲ್ಲಿ ಅವನ ಟೇಲರ್ ಅಂಗಡಿ. ಬಾಳೆಪಟ್ಟಿಯನ್ನು ಬಟ್ಟೆಗೆ ಸೇರಿಸಿ ಹೊಲಿದವನು ಅವನೇ; ನಾಗಣ್ಣನ ಚೀಲದಲ್ಲಿದ್ದದ್ದು ಸೀಳಿದರೆ ಬದಲಿಸಲು ಹೆಚ್ಚಿನ ಪಟ್ಟಿ. ಈ ಹೊತ್ತು ಅಂಗಡಿ ಮುಚ್ಚಿ ಬಂದದ್ದೇಕೆಂದು ನಾಗಣ್ಣ ಕೇಳಿದ್ದಕ್ಕೆ, "ಸ್ಟೇಜ್ ಮ್ಯಾಲ ಹೊಲಿಗಿ ಬಿಚ್ಚಿತಂದ್ರ ನನ್ನ ಇಜ್ಜತ್ ಹೋಗ್ತದ್ರೀ ಕಾಕಾ" ಎಂದ. ಇಬ್ಬರೂ ಸೇರಿ ಪಟ್ಟಿಗಳಿಗೆ ನೀರು ಚಿಮುಕಿಸಿದರು. ಅಂಜನಾಳ ತುಟಿ ಅಲುಗುತ್ತಿತ್ತು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದಳು.

ಅವಳ ಸರದಿ ಬರುವ ಹೊತ್ತಿಗೆ ನಾಗಣ್ಣ ಎದುರಿಗೆ ಬಂದ. ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಕೆಳಗೆ, ನಟ್ಟನಡುವೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಸ್ವಯಂಸೇವಕನೊಬ್ಬ ಬಂದು ಪಕ್ಕಕ್ಕೆ ಸರಿಯಲು ಹೇಳಿದ. ನಾಗಣ್ಣ ಕೈ ಮುಗಿದ, ಸರಿಯಲಿಲ್ಲ. ಲಾಲ್ ಅಹ್ಮದ್ ಬಂದು ಪಕ್ಕದಲ್ಲಿ ಕೂತ. ಇಬ್ಬರನ್ನು ಎಬ್ಬಿಸುವುದು ಕಷ್ಟವೆಂದು ಸ್ವಯಂಸೇವಕ ಹೊರಟುಹೋದ.

ಅಂಜನಾ ಬೆಳಕಿಗೆ ಬಂದಾಗ ಕವಚ ಕೆಂಡದ ಹಾಗೆ ಹೊಳೆಯಿತು. ಜನ ಚಪ್ಪಾಳೆ ಹೊಡೆದರು. ಅವಳು ಗಡಿಗೆ ಎತ್ತಿ ಹಿಡಿದು ಒಂದು ವಾಕ್ಯ ಹೇಳಿದಳು. ಎರಡನೆಯದು ಅರ್ಧಕ್ಕೆ ನಿಂತಿತು.

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಮಠದ ಹೊರಗೆ ನಾಗಣ್ಣ ಎಂದೂ ಹೂಂಗುಟ್ಟಿದವನಲ್ಲ. ಶಿವನ ಕಥೆಗೆ ಕೊಟ್ಟ ದನಿಯನ್ನು ಹೆಸರು ಗೊತ್ತಿಲ್ಲದ ದೇಶದ ಕಥೆಗೆ ಕೊಡಬಹುದೇ? ಕೇಳೋಣವೆಂದರೆ ಅಪ್ಪನಿಲ್ಲ. ಆದರೆ ಹೇಳುವವಳು ಎದುರಿಗೆ ಉಸಿರು ಕಟ್ಟಿ ನಿಂತಿದ್ದಾಳೆ, ಕೇಳುವವನು ಅವಳ ಮುಂದೆಯೇ ಕೂತಿದ್ದಾನೆ. ಇನ್ನೇನು ಬೇಕು?

"ಹೂಂ" ಎಂದ.

ಗದ್ದಲದಲ್ಲಿ ಅದು ಮುಳುಗಿತು. ನಾಗಣ್ಣ ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯೊಳಗಿಂದ, ಶ್ರಾವಣದ ಮಳೆಯ ಸದ್ದನ್ನೂ ದಾಟುತ್ತಿದ್ದ ದನಿಯನ್ನು ತೆಗೆದ.

"ಹೂಂ."

ಅಂಜನಾ ಕೆಳಗೆ ನೋಡಿದಳು. ಸಣ್ಣವಳಿದ್ದಾಗ ಮಠದಲ್ಲಿ ಇದೇ ಹೂಂ ಕೇಳುತ್ತ ಇದೇ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದವಳು. ಬಾಯಿಪಾಠದ ಇಂಗ್ಲಿಷು ಎಲ್ಲಿ ಹೋಯಿತೋ, ಬಂದದ್ದು ಮನೆಯ ಮಾತು.

"ಊರಾಗಿನ ಒಲಿ ಎಲ್ಲಾ ಆರಿದ್ವು."

"ಹೂಂ."

"ಕೂಸಿಗಿ ಹಾಲು ಕಾಸಾಕ ಸೈತ ಕಿಡಿ ಇರ್ಲಿಲ್ಲ. ಆಗ ನಾ ಗಡಗಿ ತಗೊಂಡು ಗುಡ್ಡ ಹತ್ತಿದೆ."

"ಹಾಂ" ಎಂದ ಲಾಲ್ ಅಹ್ಮದ್. ಅವನಿಗೆ ಹೊಲಿಗೆ ಮರೆತೇ ಹೋಗಿತ್ತು. ಮುಂದಿನ ಸಲ ನೀಲಿ ಕೂದಲಿನ ಶೇವಂತಾ ಸೇರಿದಳು. ಆಮೇಲೆ ರೆಕ್ಕೆಯವರು, ಕತ್ತಿಯವರು, ಮೊದಲು ತಮಾಷೆಗೆ, ಬರಬರುತ್ತ ನಿಜವಾಗಿ. ಅಂಜನಾ ಉಸಿರು ತೆಗೆದುಕೊಂಡಾಗಲೆಲ್ಲ ಇಡೀ ಸಭಾಂಗಣ ಹೂಂ ಎಂದಿತು. ಸಿಳ್ಳೆ ಹಾಕಿದವನೂ ಅಂದಿರಬೇಕು.

ಬೆಂಕಿ ಹೊತ್ತವಳು ಬೆಟ್ಟದ ತುದಿಗೆ ಬಂದಿದ್ದಳು, ಎದುರಿಂದ ಹಿಮಗಾಳಿ ಎದ್ದಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿ ಸಮಯವಾಯಿತೆಂದು ಸಾರಿದರು. ಜನ ಅಯ್ಯೋ ಎಂದರು. ತಂತಾನೇ ಬಿಚ್ಚಿಕೊಳ್ಳುವ ರೆಕ್ಕೆ ಕಟ್ಟಿದ್ದ ಹುಡುಗನಿಗೆ ಬಹುಮಾನ ಹೋಯಿತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಂಜನಾ.

ಸಭಾಂಗಣ ಬರಿದಾಯಿತು. ಕುರ್ಚಿ ಎತ್ತತೊಡಗಿದರು. ನಾಗಣ್ಣ ಕೂತಲ್ಲೇ ಇದ್ದ. ಕಾಲು ಹಿಡಿದಿರಬೇಕೆಂದು ಅಂಜನಾ ಗಾಬರಿಯಾಗಿ ಕೈ ಚಾಚಿದಳು.

"ಏಳು ಮುತ್ಯಾ, ಮುಗೀತು."

"ಎಲ್ಲಿ ಮುಗೀತು? ಬೆಂಕಿ ಇನ್ನಾ ಗುಡ್ಡದ ಮ್ಯಾಲೇ ಅದ."

ಅವಳು, ತಾನೂ ಕಮಲಾಪುರಕ್ಕೆ ಬರುತ್ತೇನೆ, ಉಳಿದದ್ದನ್ನು ಬಸ್ಸಿನಲ್ಲಿ ಹೇಳುತ್ತೇನೆ ಎಂದು ಒಪ್ಪಿಸಿ ಎಬ್ಬಿಸಿದಳು. ಬಾಗಿಲಲ್ಲಿ ನಾಗಣ್ಣನ ಚಪ್ಪಲಿ ಇಟ್ಟಲ್ಲೇ ಇದ್ದವು. ಅವುಗಳ ಮಗ್ಗುಲಿಗೆ ಇನ್ನೂ ಒಂದೆರಡು ಜೋಡು ಬೂಟು. ಇದೂ ಮೇಳದ ನಿಯಮವೆಂದು ತಿಳಿದು ಕಳಚಿಟ್ಟವರು, ಎಲ್ಲಿ ಬಿಟ್ಟೆವೆಂಬುದು ಮರೆತು ಒಳಗೆ ಹುಡುಕಾಡುತ್ತಿದ್ದರು.

ಆಟೋ ಶರಣಬಸವೇಶ್ವರರ ಗುಡಿಯ ಮುಂದೆ ಹಾದಾಗ ನಾಗಣ್ಣ ಕೈ ಮುಗಿದ. ದಿನವೂ ಏನಾದರೊಂದು ಬೇಡುವ ಮನಸ್ಸು ಇಂದು ಏನನ್ನೂ ಬೇಡಲಿಲ್ಲ. ಕಥೆಯ ಎದುರಿಗೆ ಕೂಡಿಸಿದ ಅಪ್ಪನನ್ನು, ಅಂಗಡಿ ಮುಚ್ಚಿ ಬಂದ ಟೇಲರನನ್ನು, ತನ್ನನ್ನು ನೋಡಿ ನಕ್ಕ ನೀಲಿ ಕೂದಲಿನ ಹುಡುಗಿಯನ್ನು, ಕೊನೆಗೆ ತೋಟದ ಕೆಂಬಾಳೆಯನ್ನೂ ನೆನೆದ.

ಬಸ್ಸು ಹೊರಟಿತು. ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಜನಾ ಶುರುಮಾಡಿದಳು. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ ಕೂತಳು. ಅತ್ತ ಕಡೆಯವರು ಕಿವಿಗೊಟ್ಟರು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕಂಬ ಹಿಡಿದು ನಿಂತ. ಅಂಜನಾ ದನಿ ಏರಿಸಿದಳು.

ನಾಗಣ್ಣ ಹೂಂ ಎಂದ, ಮತ್ತೆ ಹೂಂ ಎಂದ. ಊರು ಹತ್ತಿರ ಬಂದಾಗ ಬೇಕೆಂದೇ ಒಮ್ಮೆ ಸುಮ್ಮನಾಗಿ ನೋಡಿದ.

ಕಥೆ ನಿಲ್ಲಲಿಲ್ಲ. ಅವನು ಸುಮ್ಮನಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾಗಣ್ಣ ಕಣ್ಣು ಒರೆಸಿಕೊಂಡು, ಬೆಂಕಿ ಮೊದಲ ಒಲೆಗೆ ತಲುಪುವುದನ್ನು ಕೇಳುತ್ತ ಕೂತ.