ಐತಾರದ ಪಾಠ

ಪುಷ್ಪಲತಾ ಅಪ್ಪನ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಮೂರು ಬೆರಳು ಎಡಹುಬ್ಬಿನ ಮೇಲಿಂದ ಹೊರಟು ಹಣೆಯ ನಡುವಿಗೆ ಬಂದಿದ್ದವು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ, “ಗಾದೆಮ್ಮ ಬಂದ್ಲು, ದಾರಿ ಬಿಡ್ರಿ” ಎಂದರು. ಬೆರಳು ಅಲ್ಲೇ ನಿಂತವು.

“ಎಳಿಯವ್ವ, ವಿಭೂತಿ ಅರ್ಧಕ್ಕ ಬಿಡಬಾರ್ದು,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

ಪುಷ್ಪಲತಾ ಎಳೆದಳು. ಬಲಗಡೆಯ ಗೆರೆಗಳು ಸೊಟ್ಟಗಾದವು.

ಪಾಲಾಕ್ಷಪ್ಪ ಮೇಷ್ಟ್ರನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಬಿಳಿ ಪಂಚೆಯಲ್ಲಿ ಬಿಗಿದು ಕೂರಿಸಿದ್ದರು. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಚರಿತ್ರೆಯನ್ನು ಹಾಡು ಕಟ್ಟಿ ಕಲಿಸಿದವರು. ರಿಟೈರಾದ ಮೇಲೆ ಕೂಡ್ಲಿಗಿಯಲ್ಲಿ ಮನೆ ಮಾಡಿದ್ದರು. ಶನಿವಾರ ಸಂಜೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ರಾತ್ರಿಯೇ ಸುದ್ದಿ ಹರಡಿ, ಬೆಳಗಿನ ಮೊದಲ ಬಸ್ಸಿಗೇ ಹಳೆಯ ವಿದ್ಯಾರ್ಥಿಗಳು ಬಂದಿಳಿಯತೊಡಗಿದ್ದರು.

ಗಾದೆಮ್ಮ ಒಳಗೆ ಬರಲಿಲ್ಲ. ಹೊಸ್ತಿಲಿನ ಹೊರಗೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಗಾರೆ ಕೆಲಸದ ಸುಣ್ಣ ತಿಂದ ಕೈಗಳು. ಅವಳೊಡನೆ ಓದಿದ ಅಂಜಿನಿ, ಈಗ ಬಸ್ ಕಂಡಕ್ಟರ್ ಆಗಿದ್ದವನು, ಜನರ ನಡುವಿನಿಂದ ಕೂಗಿದ: “ಗಾದೆಮ್ಮ, ಒಂದ್ ಹಾಡು ಹೇಳವ್ವ. ಸಾರು ಹೋಗಾಕ ಮೊದ್ಲು ನಿನ್ನ ಧ್ವನಿ ಕೇಳ್ಲಿ.”

“ಹೌದು, ಹಂಪಿ ಪದ ಹೇಳು,” ಎಂದರು ಇನ್ನೊಬ್ಬರು.

“ಯಾವ ಪದಾನೂ ಬ್ಯಾಡ,” ಎಂದಳು ಪುಷ್ಪಲತಾ. ಅಂಗಳವೆಲ್ಲ ತಿರುಗಿ ನೋಡಿತು. ಧ್ವನಿ ತಗ್ಗಿಸಿದಳು. “ಭಜನಿಯವ್ರಿಗೆ ಹೇಳಿ ಕಳಿಸೀವಿ. ಅವ್ರು ಬರ್ತಾರ.”

ಗಾದೆಮ್ಮ ಅವಳನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

*

ತೊಂಬತ್ತೆರಡನೇ ಇಸವಿ. ಪುಷ್ಪಲತಾ, ಗಾದೆಮ್ಮ ಇಬ್ಬರೂ ಅಪ್ಪನ ಐದನೇ ಕ್ಲಾಸಿನಲ್ಲಿದ್ದರು. ಶಾಲೆಯಲ್ಲಿ ಅಪ್ಪನನ್ನು ಸಾರ್ ಎನ್ನಬೇಕು. ಅದು ಮನೆಯಿಂದ ಹೊರಡುವಾಗಲೇ ಆದ ಕರಾರು.

ಪಾಲಾಕ್ಷಪ್ಪನವರಿಗೆ ಹಾರ್ಮೋನಿಯಂ ಬರುತ್ತಿರಲಿಲ್ಲ. ಶಾಲೆಯಲ್ಲಿ ಇರಲೂ ಇಲ್ಲ. ಅವರು ಕಟ್ಟೆಯ ನೆಲದ ಮೇಲೆ ಸುಣ್ಣದಲ್ಲಿ ಎಂಟು ಮೆಟ್ಟಿಲು ಬರೆದಿದ್ದರು. ಸ ಮೇಲೆ ಹರಿಹರ, ರಿ ಮೇಲೆ ಬುಕ್ಕ, ಹೀಗೆ ಒಂದೊಂದು ಸ್ವರದ ಮೇಲೂ ಒಬ್ಬೊಬ್ಬ ರಾಜ. ಮಕ್ಕಳು ಸ್ವರ ಹಿಡಿದು ಮೆಟ್ಟಿಲು ಹತ್ತಬೇಕು, ಹತ್ತುತ್ತ ಆ ರಾಜನ ಕತೆಯನ್ನು ಒಂದು ನುಡಿಯಲ್ಲಿ ಹೇಳಬೇಕು. ಕೋಲಾಟದ ಧಾಟಿಯಲ್ಲಿ ಯುದ್ಧ, ಬೀಸುಕಲ್ಲಿನ ಧಾಟಿಯಲ್ಲಿ ಊರು ಹಾಳಾದದ್ದು. ಅವರೇ ಕಟ್ಟಿದ ಹಂಪಿ ಪದ ಎಲ್ಲ ಮಕ್ಕಳ ಬಾಯಲ್ಲೂ ಇತ್ತು:

ಆಚಿ ದಂಡಿಗೆ ಆನೆಗೊಂದಿ, ಈಚಿ ದಂಡಿಗೆ ಹಂಪಿ
ಕಲ್ಲು ಹೊತ್ತವರ ಹೆಸರು ಹೇಳಬಲ್ಲೇನ ತಂಗಿ

ಪುಷ್ಪಲತಾ ಗ ದಾಟಿ ಮ ಮೇಲೆ ಕಾಲಿಡುವಷ್ಟರಲ್ಲಿ ಸ್ವರ ತಪ್ಪಿ ಜಾರುತ್ತಿದ್ದಳು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಗಾದೆಮ್ಮ, ಕುರಿ ಕಾಯುವ ಹುಲುಗಣ್ಣನ ಮಗಳು, ಮೂಗೊರೆಸಿಕೊಳ್ಳುತ್ತ ಬಂದು ಒಂದೇ ಉಸಿರಿಗೆ ಮೇಲಿನ ಸ ಮುಟ್ಟಿ ನಿಲ್ಲುತ್ತಿದ್ದಳು. ಆಗ ಅಪ್ಪ ಕಣ್ಣು ಮುಚ್ಚುತ್ತಿದ್ದ. ಮನೆಯಲ್ಲಿ ಎಂಥ ಅಡಿಗೆ ಮಾಡಿದರೂ, ಪುಷ್ಪಲತಾ ಎಷ್ಟು ಅಂಕ ತಂದರೂ ಅಪ್ಪ ಹಾಗೆ ಕಣ್ಣು ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ.

ಒಂದು ಸಂಜೆ ಅವಳು ಹಿತ್ತಲಲ್ಲಿ ಒಬ್ಬಳೇ ನಿಂತು ಹಂಪಿ ಪದ ಹಾಡಿಕೊಳ್ಳುತ್ತಿದ್ದಳು. ಅಪ್ಪ ಬಂದು ಪೂರ್ತಿ ಕೇಳಿದ. ತಲೆಯ ಮೇಲೆ ಕೈಯಿಟ್ಟ.

“ನಿನ್ನ ಕೊರಳಾಗ ಸ್ವರ ನಿಲ್ಲಂಗಿಲ್ಲ ಮಗಳ. ನೀನು ತಾಳ ಹಾಕು. ಓದು, ಬರಿ. ಗಾದಿ ಹಾಡ್ತಾಳ.”

ಪ್ರೀತಿಯಿಂದಲೇ ಹೇಳಿದ್ದ. ಅದನ್ನೇ ಅವಳಿಗೆ ಮರೆಯಲಾಗಲಿಲ್ಲ. ಗದರಿಸಿದ್ದರೆ ಮರೆಯುತ್ತಿದ್ದಳೇನೋ.

ಆಮೇಲೆ ಹಡಗಲಿಯಲ್ಲಿ ಶಿಕ್ಷಕರ ತರಬೇತಿ ಎಂದರೂ ಅಪ್ಪ ಗಾದೆಮ್ಮನನ್ನು ಕರೆದುಕೊಂಡು ಹೋಗುತ್ತಿದ್ದ, ಹರಪನಹಳ್ಳಿಯಲ್ಲಿ ಮಕ್ಕಳ ಮೇಳ ಎಂದರೂ ಅವಳನ್ನೇ. ಬರುವಾಗ ಇಬ್ಬರ ಬಾಯಲ್ಲೂ ಕೊಟ್ಟೂರಿನ ಮಿರ್ಚಿಯ ಖಾರ ಇನ್ನೂ ಇರುತ್ತಿತ್ತು. ಪುಷ್ಪಲತೆಗೂ ಒಂದು ಪೊಟ್ಟಣ ಬರುತ್ತಿತ್ತು, ತಣ್ಣಗಾಗಿ. ಅವಳು ಅದನ್ನು ಕೋಳಿಗಳಿಗೆ ಹಾಕುತ್ತಿದ್ದಳು.

*

“ಹಂಗ್ಯಾಕ ಅಂದಿ ಆ ಹುಡುಗಿಗಿ?” ಅಡಿಗೆಮನೆಯ ಕತ್ತಲಲ್ಲಿ ಕೂತಿದ್ದ ಅವ್ವ ನಾಗಲಿಂಗಮ್ಮ ಕೇಳಿದಳು. ಅತ್ತು ಅತ್ತು ಧ್ವನಿ ಒಡೆದಿತ್ತು.

“ಅಕಿ ಮ್ಯಾಲ ನಿನಗೂ ಸಿಟ್ಟಿತ್ತಲ್ಲ?”

“ಇತ್ತು. ಐತಾರ ಬಂದ್ರ ಸೈಕಲ್ ತಗಂಡು ಅಕಿ ಮನಿಗೆ ಹೊಂಟುಬಿಡ್ತಿದ್ರು. ಅಕಿ ಹಾಡು ಕೇಳದಿದ್ರ ಉಂಡಿದ್ದು ಜೀರ್ಣ ಆಗಂಗಿಲ್ಲೇನು ಅಂತ ಬೈತಿದ್ದೆ.” ಅವ್ವ ಮೂಗು ಒರೆಸಿಕೊಂಡಳು. “ಈಗ ಬೈಯಾಕಾದ್ರೂ ಯಾರದಾರ?”

ಪಕ್ಕದ ಮನೆಯ ಪಕ್ಕೀರಮ್ಮ ನಿಟ್ಟುಸಿರು ಬಿಟ್ಟಳು. “ಹೋಗ್ಲಿ ಬಿಡ್ರಿ ಅವ್ವಾರ. ಮೇಷ್ಟ್ರು ಅಂಥಾ ಮನುಷ್ಯ ಅಲ್ಲ. ಹಾಡಿನ ಹುಚ್ಚು, ಅಷ್ಟ.”

 ಪುಷ್ಪಲತೆಗೆ ಗೊತ್ತಿತ್ತು ಅಪ್ಪ ಅಂಥವನಲ್ಲ ಎಂದು. ಅಂಥವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹಂಪಸಾಗರದ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಶನಿವಾರ ಮಧ್ಯಾಹ್ನ ಕೂಸನ್ನು ಬಗಲಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಭಾನುವಾರ ಬೆಳಗ್ಗೆ ಅಪ್ಪ ಸೈಕಲ್ಲಿನ ಗಾಲಿಗೆ ಗಾಳಿ ಹಾಕುತ್ತಿದ್ದ.

“ಇವತ್ತೊಂದಿನ ಇರಪ್ಪ. ನಾ ಸಂಜಿ ಬಸ್ಸಿಗೆ ಹೋಗ್ತೀನಿ.”

“ಅಷ್ಟರಾಗ ಬಂದುಬಿಡ್ತೀನಿ ಮಗಳ.”

ಅಷ್ಟರಲ್ಲಿ ಬರುತ್ತಿರಲಿಲ್ಲ. ಎಲ್ಲಿಗೆ, ಏಕೆ ಎಂದು ಅವಳು ಕೇಳಲೂ ಇಲ್ಲ. ಕೇಳಿದರೆ ಅವನು ನಿಜ ಹೇಳಿಬಿಡುತ್ತಾನೆ. ಅದನ್ನು ಕೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ತನ್ನ ಕ್ಲಾಸಿನಲ್ಲಿ ಪುಷ್ಪಲತಾ ಒಂದು ಹಾಡನ್ನೂ ಹೇಳಿಕೊಡಲಿಲ್ಲ. ಪ್ರಶ್ನೆ, ಉತ್ತರ, ಶುದ್ಧ ಬರಹ. ಒಮ್ಮೆ ಅಪ್ಪ ಹಂಪಸಾಗರಕ್ಕೆ ಬಂದವನು ಹಿಂದಿನ ಬೆಂಚಿನಲ್ಲಿ ಮಕ್ಕಳ ಜತೆ ಕೂತು ಅವಳ ಪಾಠ ಕೇಳಿದ್ದ. ಗಂಟೆ ಬಾರಿಸಿದ ಮೇಲೆ, “ಚೆಂದ ಬರಸ್ತಿ ಮಕ್ಕಳ ಕೈಲಿ,” ಎಂದಿದ್ದ. ಇನ್ನೂ ಏನಾದರೂ ಹೇಳಿಯಾನು ಎಂದು ಅವಳು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದಿದ್ದಳು. ಅವನು ದಾರಿಯುದ್ದಕ್ಕೂ ಏನೋ ಯೋಚಿಸುತ್ತ ಸುಮ್ಮನಿದ್ದ.

*

ಹಿತ್ತಲ ತೊಟ್ಟಿಯಿಂದ ಗಾದೆಮ್ಮ ಕೊಡ ತುಂಬಿ ತುಂಬಿ ಅಂಗಳದ ಡ್ರಮ್ಮಿಗೆ ಸುರಿಯುತ್ತಿದ್ದಳು. ಯಾರೂ ಹೇಳಿರಲಿಲ್ಲ. ಪುಷ್ಪಲತಾ ಬಂದು ತೊಟ್ಟಿಯ ಪಕ್ಕ ನಿಂತಳು.

“ಐತಾರ ಐತಾರ ಯಾವ್ ಹಾಡು ಹೇಳ್ತಿದ್ದಿ ನಮ್ಮಪ್ಪಗ?”

ಗಾದೆಮ್ಮ ಕೊಡ ಕೆಳಗಿಟ್ಟಳು. “ಹಾಡು?”

“ಗೊತ್ತಿಲ್ದಂಗ ಮಾಡಬ್ಯಾಡ. ನನ್ನ ಕೂಸನ್ನೂ ಬಿಟ್ಟು ನಿನ್ನ ಮನಿಗೆ ಬರ್ತಿದ್ದ ಅವ.”

“ಪುಷ್ಪಕ್ಕ, ಸಾರು ಒಂದಿನಾನೂ ಹಾಡು ಅನ್ಲಿಲ್ರಿ. ಬರಿ, ಬರಿ ಅಂತ ಜೀವಾ ತಿಂತಿದ್ರು.”

“ಬರಿ ಅಂದ್ರ?”

“ಅಕ್ಷರ ಬರಿ ಅಂತ.” ಗಾದೆಮ್ಮ ತೊಟ್ಟಿಯ ಅಂಚಿಗೆ ಒರಗಿದಳು. “ಏಳ್ನೇ ಕ್ಲಾಸಿನ ಪರೀಕ್ಷಿಯಾಗ ನಂಗ ಚರಿತ್ರಿ ಎಲ್ಲಾ ಗೊತ್ತಿತ್ರಿ. ಮನಸಿನ್ಯಾಗ ಹಾಡ್ಕಂಡ್ರ ಉತ್ತರ ತಾನ ಬರ್ತಿತ್ತು. ಕೈ ಓಡ್ಲಿಲ್ಲ. ಹಡಗಲಿ, ಹರಪನಹಳ್ಳಿ ಅಂತ ಊರೂರು ತಿರುಗಿ ಹಾಡೋವಾಗ ನೀವು ಕ್ಲಾಸಿನ್ಯಾಗ ಕುಂತು ಬರೀತಿದ್ರಿ. ನೀವು ಪಾಸಾದ್ರಿ. ನಂಗ ನಮ್ಮಪ್ಪ ಲಗ್ನ ಮಾಡಿದ. ಸಾರು ಲಗ್ನಕ್ಕೂ ಬರ್ಲಿಲ್ಲ. ಆಮ್ಯಾಲ ಎಷ್ಟೋ ವರ್ಷ ಮುಖಾ ತೋರಿಸ್ಲಿಲ್ಲ.”

ಪುಷ್ಪಲತಾ ತೊಟ್ಟಿಯ ಅಂಚಿನ ಮೇಲೆ ಕೂತಳು.

“ರಿಟೈರಾದ ಮ್ಯಾಲ ಒಂದ್ ಐತಾರ ಬಾಗಿಲಿಗೆ ಬಂದು ನಿಂತ್ರು. ಕೈಯಾಗ ಪಾಟಿ, ಬಳಪ. ‘ನಿನ್ನ ಬಾಯಿಗೆ ಕೊಟ್ಟೆ, ಕೈಗೆ ಕೊಡ್ಲಿಲ್ಲ ಗಾದಿ’ ಅಂದ್ರು. ಸಿಟ್ಟು ಬಂತ್ರಿ. ಒಳಗ ಕರೀಲಿಲ್ಲ. ಮುಂದಿನ ವಾರಾನೂ ಬಂದ್ರು. ಅದರ ಮುಂದಿನ ವಾರಾನೂ.” ಗಾದೆಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. “ನಾ ತಪ್ಪು ಬರದ್ರ ಸಾಕು, ‘ನಮ್ಮ ಪುಷ್ಪ ಹೆಂಗ ಬರೀತಾಳ ಗೊತ್ತೇನು? ಮುತ್ತು ಪೋಣಿಸಿದಂಗ. ಅಕಿ ಮಕ್ಕಳ ಕೈಲೂ ಹಂಗ ಬರಸ್ತಾಳ’ ಅಂತಿದ್ರು. ಯಾವಾಗ್ಲೂ ಪುಷ್ಪ, ಪುಷ್ಪ. ನಿಮ್ಮ ಹೆಸರು ಕೇಳಿದ್ರ ನಂಗ ಹೊಟ್ಟಿ ಉರೀತಿತ್ತು. ತಪ್ಪು ತಿಳೀಬ್ಯಾಡ್ರಿ.”

ಒಂದು ಕ್ಷಣ ಪುಷ್ಪಲತೆಗೆ ಸಂತೋಷವಾಯಿತು. ಅಪ್ಪನ ಹೆಣ ಪಡಸಾಲೆಯಲ್ಲಿರುವಾಗ ಆಗಬಾರದಂಥ ಸಂತೋಷ. ಇಷ್ಟು ವರ್ಷ ತಾನೊಬ್ಬಳೇ ಉರಿಯಲಿಲ್ಲ. ಇವಳೂ ಉರಿದಿದ್ದಾಳೆ, ತನ್ನ ಹೆಸರಿಗೆ.

ಆದರೆ ಅದು ನಿಲ್ಲಲಿಲ್ಲ. ಆ ಮಾತನ್ನು ಅಪ್ಪ ತನಗೇ ಹೇಳಬಹುದಿತ್ತಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದಾಗ ಹೇಳಬಹುದಿತ್ತು. ಇವಳ ಬಾಗಿಲಲ್ಲಿ ಕೂತು, ಇವಳಿಗೆ ಹೇಳಿದ. ಹೊಗಳಿಕೆ ತನ್ನದು, ಅದನ್ನು ಕೇಳಿದ ಕಿವಿ ಇವಳದು.

“ಇವತ್ತು ಐತಾರ,” ಎಂದಳು ಗಾದೆಮ್ಮ. “ಸುದ್ದಿ ನಂಗ ತಡ ಮುಟ್ಟಿತ್ರಿ. ಕಸ ಹೊಡದು, ಚಾಪಿ ಹಾಸಿ ದಾರಿ ನೋಡ್ತಿದ್ದೆ.”

 ಪುಷ್ಪಲತಾ ಕೊಡ ಎತ್ತಿ ಅವಳ ತಲೆಯ ಮೇಲಿಟ್ಟಳು.

*

ಮಧ್ಯಾಹ್ನ ಅಂತಿಮಯಾತ್ರೆಯ ವಿಮಾನ ಎತ್ತಿದರು. ಬಾಳೆಕಂಬ, ಚೆಂಡುಹೂವಿನ ಮಾಲೆಗಳ ನಡುವೆ ಮೇಷ್ಟ್ರು ಕೂತಂತೆಯೇ ಹೊರಟರು. ಭಜನೆಯವರು ಮುಂದೆ. ಹೆದ್ದಾರಿ ದಾಟಿ ಹೊಲದ ದಾರಿಗೆ ಇಳಿದಾಗ ಭಜನೆಯವರು ಉಸಿರು ತೆಗೆದುಕೊಳ್ಳಲು ನಿಂತರು. ಆ ಮೌನದಲ್ಲಿ ಅಂಜಿನಿ, ಕಂಡಕ್ಟರನ ಒರಟು ಗಂಟಲಲ್ಲಿ, ಹಂಪಿ ಪದ ಎತ್ತಿದ. ಇನ್ನೊಬ್ಬ ಸೇರಿದ. ಮೀಸೆ ಬಂದವರು, ಕೂಸು ಹೊತ್ತವರು, ತಲೆ ನರೆತವರು ಎಲ್ಲ ಸೇರಿದರು. ಕಲ್ಲು ಹೊತ್ತವರ ಹೆಸರು ಹೇಳಬಲ್ಲೇನ ತಂಗಿ.

ಪುಷ್ಪಲತಾ ಬೇಡವೆನ್ನಲಿಲ್ಲ. ಆ ಒರಟು ಧ್ವನಿಗಳ ಮೇಲೆ ಈಗ ಒಂದು ಧ್ವನಿ ಏಳುತ್ತದೆಂದು ಕಾದಳು. ಬಾಲ್ಯವೆಲ್ಲ ಯಾವುದನ್ನು ಕೇಳಿ ಕಿವಿ ಮುಚ್ಚಿಕೊಂಡಿದ್ದಳೋ ಅದಕ್ಕಾಗಿಯೇ ಕಾದಳು. ತಿರುಗಿ ನೋಡಿದರೆ ಗಾದೆಮ್ಮ ಬಾಯಿ ಬಿಗಿದು, ನೆಲ ನೋಡುತ್ತ ನಡೆಯುತ್ತಿದ್ದಳು.

“ಹಾಡು,” ಎಂದಳು ಪುಷ್ಪಲತಾ, ಹತ್ತಿರ ಬಂದು. “ನಾನ ಹೇಳ್ತೀನಿ, ಹಾಡು.”

“ಬ್ಯಾಡ್ರಿ ಪುಷ್ಪಕ್ಕ. ಹಾಡಿದ್ದು ಸಾಕಾಗೈತಿ.”

ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಗುಣಿ ತೋಡಿದ್ದರು. ಅಯ್ಯನವರು ಇಳಿದು ಕ್ರಿಯೆ ಮುಗಿಸಿದರು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು. ಗಂಡಸರು ಸಲಿಕೆಯಲ್ಲಿ ಎಳೆದರು, ನೀರು ಚಿಮುಕಿಸಿ ಬಡಿದು ಸಮ ಮಾಡಿದರು. ಜನ ಒಬ್ಬೊಬ್ಬರಾಗಿ ಕೈಮುಗಿದು ಹೊರಟರು. ಅವ್ವನನ್ನು ಪಕ್ಕೀರಮ್ಮ ಹಿಡಿದುಕೊಂಡು ನಡೆಸಿದಳು.

ಪುಷ್ಪಲತಾ ಕೊನೆಗೆ ಉಳಿದಳು. ಇನ್ನೊಬ್ಬಳೂ ಉಳಿದಿದ್ದಳು. ಗಾದೆಮ್ಮ ಬೇವಿನ ಕಡ್ಡಿಯೊಂದನ್ನು ಮುರಿದು, ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣಿನ ಮೇಲೆ ಬರೆಯುತ್ತಿದ್ದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಕಾಣುತ್ತಿತ್ತು. ಬರೆದು ಮುಗಿಸಿ ಎದ್ದಳು, ಕಡ್ಡಿಯನ್ನು ದೂರ ಎಸೆದಳು, ಹೊಲದ ಬದುವಿನ ಮೇಲೆ ನಡೆದು ಹೋದಳು.

ಪುಷ್ಪಲತಾ ಬಾಗಿ ನೋಡಿದಳು. ಪಾಲಾಕ್ಷಪ ಸಾರು. ಒಂದು ಒತ್ತು ಬಿಟ್ಟಿದ್ದಳು. ಪುಷ್ಪಲತಾ ಮೇಷ್ಟ್ರ ಮಗಳು, ತಾನೂ ಮೇಷ್ಟ್ರು. ಕೈ ತಾನಾಗಿಯೇ ತಿದ್ದಲು ಮುಂದೆ ಬಂತು.

ಬೆರಳು ಮಣ್ಣು ಮುಟ್ಟುವ ಮೊದಲು ಅವಳಿಗೆ ಅಕ್ಷರಗಳ ಆಕಾರ ಕಂಡಿತು. ತಲೆಕಟ್ಟುಗಳು ಅಕ್ಷರಕ್ಕೆ ಅಂಟಿರಲಿಲ್ಲ; ಆಮೇಲೆ ತಂದಿಟ್ಟ ಟೊಪ್ಪಿಗೆಯ ಹಾಗೆ ಸ್ವಲ್ಪ ಓರೆಯಾಗಿ, ಮೇಲೆ ನಿಂತಿದ್ದವು. ಕ್ಷದ ಬಾಲ ಕೆಳಗೆ ಹೋಗಿ ಮತ್ತೆ ಮೇಲಕ್ಕೆ ಚಿಮ್ಮಿತ್ತು. ಕರಿಹಲಗೆಯ ಮೇಲೆ ಅಪ್ಪ ಹೀಗೆಯೇ ಬರೆಯುತ್ತಿದ್ದ. ತಾನು ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುವಾಗ ಕಾಪಿ ಬರೆದು ಬರೆದು ಈ ಅಕ್ಷರ ಬಿಟ್ಟು ಅಚ್ಚಿನಂಥ ಅಕ್ಷರ ಕಲಿತಿದ್ದಳು. ಭೂಮಿಯ ಮೇಲೆ ಈಗ ಅಪ್ಪನ ಅಕ್ಷರ ಉಳಿದದ್ದು ಆ ಸುಣ್ಣ ತಿಂದ ಕೈಯಲ್ಲಿ ಮಾತ್ರ.

ಹಳೆಯ ಉರಿ ಮತ್ತೆ ಎದ್ದಿತು. ಬದುವಿನ ಮೇಲೆ ಗಾದೆಮ್ಮನ ಬೆನ್ನು ಸಣ್ಣದಾಗುತ್ತ ಹೋಗುತ್ತಿತ್ತು. ದಾರಿಯಿಂದ ಅವ್ವ, “ಪುಷ್ಪಾ, ಬಾರವ್ವ” ಎಂದು ಕೂಗಿದಳು.

ಪುಷ್ಪಲತಾ ಮಣ್ಣಿನಲ್ಲಿ ಮೊಣಕಾಲೂರಿದಳು. ಒತ್ತನ್ನು ಸೇರಿಸಲಿಲ್ಲ. ತೋರುಬೆರಳನ್ನು ಮೊದಲ ಪಕಾರದ ಗೆರೆಯೊಳಗೆ ಇಟ್ಟು, ಒಂದನೇ ಕ್ಲಾಸಿನ ಮಕ್ಕಳು ತಿದ್ದುವ ಹಾಗೆ, ಬರೆದಿದ್ದರ ಮೇಲೆಯೇ ನಿಧಾನವಾಗಿ ತಿದ್ದತೊಡಗಿದಳು.